ಅಂಗಾಂಶದ ಪಾಠ, ಹೃದಯ-ಶ್ವಾಸಕೋಶದ ರೋಗಿಯ ಆರೈಕೆ: ನರ್ಸಿಂಗ್ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಆಸ್ಪತ್ರೆ ವಾರ್ಡ್‌ಗಳಲ್ಲಿ ಕಲಿಯುತ್ತಿರುವ ನರ್ಸಿಂಗ್ ವಿದ್ಯಾರ್ಥಿಗಳು ನನ್ನ ಮುಂದಿಡುವ ಪ್ರಶ್ನೆಗಳಿವು. ಕೆಲವನ್ನು ಮೊದಲು ಕೇಳಿದವರು ರೋಗಿಗಳ ಮನೆಯವರು. ಉತ್ತರ ಹೊಳೆಯದೆ ವಿದ್ಯಾರ್ಥಿಗಳು ನನ್ನ ಬಳಿ ತಂದಿದ್ದಾರೆ. ಮೊದಲ ವರ್ಷದ ಅಂಗಾಂಶಗಳ ಪಾಠಕ್ಕೂ ಆಮೇಲೆ ಬರುವ ವಯಸ್ಕರ ಆರೈಕೆಯ ಪಾಠಕ್ಕೂ ಸಂಬಂಧವಿಲ್ಲವೆಂದು ತಿಳಿದು ಓದುವವರು ಬಹಳ. ಹಾಗೆ ಓದಿದವರು ಆರೈಕೆಯ ಒಂದೊಂದು ಸೂಚನೆಯನ್ನೂ ಬಾಯಿಪಾಠ ಮಾಡಬೇಕಾಗುತ್ತದೆ, ರೋಗಿ ‘ಯಾಕೆ?’ ಎಂದಾಗ ತಡವರಿಸಬೇಕಾಗುತ್ತದೆ. ಇಲ್ಲಿ ಹೇಳಿರುವುದು ಆ ‘ಯಾಕೆ’ಗೆ ಉತ್ತರ. ಯಾವ ಔಷಧ, ಎಷ್ಟು ಪ್ರಮಾಣ ಎಂಬುದು ಚಿಕಿತ್ಸೆ ನೀಡುವ ವೈದ್ಯರ ತೀರ್ಮಾನ.

ಸ್ಲೈಡ್ ನೋಡಿ ರೋಗ ಹೇಳುವವರು ರೋಗಶಾಸ್ತ್ರಜ್ಞರು. ನಾವು ಅಂಗಾಂಶಗಳನ್ನು ಏಕೆ ಓದಬೇಕು?

ರೋಗಿಯ ಪಕ್ಕದಲ್ಲಿ ಹೆಚ್ಚು ಹೊತ್ತು ಇರುವವರು ನೀವು. ಹೃದಯಾಘಾತವಾದವರು ಮಲವಿಸರ್ಜನೆಗೆ ತಿಣುಕಬಾರದು, ಸಿಒಪಿಡಿ (ಗಾಳಿ ಹೊರಬಿಡಲು ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಿಗೆ ಆಕ್ಸಿಜನ್ ಅಳತೆಯಲ್ಲಿರಬೇಕು, ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಜಾಲರಿ) ಹಾಕಿಸಿಕೊಂಡವರು ಮಾತ್ರೆ ಬಿಡಬಾರದು. ಈ ಮೂರು ಮಾತಿನ ಹಿಂದೆಯೂ ಇರುವುದು ಅಂಗಾಂಶವೇ. ಅದು ಅರ್ಥವಾದವರು ಸೂಚನೆಯನ್ನು ಮರೆಯುವುದಿಲ್ಲ. ಪುಸ್ತಕದಲ್ಲಿ ಬರೆಯದ ಪರಿಸ್ಥಿತಿ ಎದುರಾದಾಗಲೂ ಸರಿಯಾಗಿ ಯೋಚಿಸುತ್ತಾರೆ.

ಎಲ್ಲಿಂದ ಆರಂಭಿಸಬೇಕು?

ನಾಲ್ಕು ಮೂಲ ಅಂಗಾಂಶಗಳಿಂದ: ಅನುಲೇಪಕ (ಒಳ-ಹೊರ ಮೈ ಮುಚ್ಚುವ ಪದರ), ಸಂಯೋಜಕ (ಜೋಡಿಸಿ ಆಧಾರ ಕೊಡುವುದು), ಸ್ನಾಯು, ನರ. 9ನೇ ತರಗತಿಯ ವಿಜ್ಞಾನದಲ್ಲಿ ಇವನ್ನು ಓದಿದ್ದೀರಿ. ಕನ್ನಡ ಮಾಧ್ಯಮದಲ್ಲಿ ಓದಿದ್ದೇವೆಂದು ಹಿಂಜರಿಯುವವರಿಗೆ ಅಲ್ಲಿಯೇ ಅಡಿಪಾಯ ಬಿದ್ದಿದೆ. ಫ್ರಾನ್ಸಿನ ಬಿಷಾ ಎಂಬ ವೈದ್ಯ, 1802ರಲ್ಲಿ ತೀರಿಕೊಳ್ಳುವ ಮೊದಲೇ, ದೇಹದಲ್ಲಿ 21 ಬಗೆಯ ಅಂಗಾಂಶಗಳಿವೆ ಎಂದು ವಿಂಗಡಿಸಿದ್ದ. ಅದೂ ಮೈಕ್ರೋಸ್ಕೋಪ್ ಬಳಸದೆ. ರೋಗ ಹಿಡಿಯುವುದು ಇಡೀ ಅಂಗಕ್ಕಲ್ಲ, ಅದರೊಳಗಿನ ಅಂಗಾಂಶಕ್ಕೆ ಎಂದು ಅವನು ಹೇಳಿದ್ದು ಇಂದಿಗೂ ನಮ್ಮ ವಾರ್ಡ್‌ಗೆ ಅನ್ವಯಿಸುತ್ತದೆ. ‘ಹೃದಯದ ಕಾಯಿಲೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಸ್ನಾಯುವಿನದೋ, ಕವಾಟದ್ದೋ, ರಕ್ತನಾಳದ ಒಳಪದರದ್ದೋ ಎಂದು ಕೇಳಿಕೊಳ್ಳಬೇಕು.

ಮೈಕ್ರೋಸ್ಕೋಪಿನಲ್ಲಿ ಎಲ್ಲ ಸ್ಲೈಡ್‌ಗಳೂ ಗುಲಾಬಿ-ನೇರಳೆಯಾಗಿಯೇ ಕಾಣುತ್ತವೆ. ಗುರುತಿಸುವುದು ಹೇಗೆ?

ಬಣ್ಣವನ್ನು ನಂಬಿ ಗುರುತಿಸಲು ಹೋಗಬೇಡಿ. ಹೆಮಟಾಕ್ಸಿಲಿನ್ ಎಂಬ ಬಣ್ಣ ಕೋಶಕೇಂದ್ರಕ್ಕೆ ನೀಲಿ-ನೇರಳೆ ಹಚ್ಚುತ್ತದೆ, ಇಯೋಸಿನ್ ಎಂಬ ಇನ್ನೊಂದು ಬಣ್ಣ ಕೋಶದ್ರವ್ಯಕ್ಕೂ ಗಟ್ಟಿ ನಾರಾದ ಕೊಲಾಜನ್‌ಗೂ ಗುಲಾಬಿ ಹಚ್ಚುತ್ತದೆ. ಹಾಗಾಗಿ ಎಲ್ಲವೂ ಒಂದೇ ಬಣ್ಣದ ಜೋಡಿಯಲ್ಲಿ ಕಾಣುವುದು ಸಹಜ. ಮೊದಲು ಕಡಿಮೆ ಹಿಗ್ಗಿಸುವ ಮಸೂರದಲ್ಲಿ ಖಾಲಿ ಜಾಗ ಎಲ್ಲಿದೆ ನೋಡಿ: ಶ್ವಾಸಕೋಶವೆಂದರೆ ಬಹುಪಾಲು ಖಾಲಿ ಜಾಗ, ನಡುವೆ ತೆಳು ಗೋಡೆ. ಶ್ವಾಸನಾಳದಲ್ಲಿ ಕಾಣುವುದು ಮೃದ್ವಸ್ಥಿ, ಅದರ ಒಳಗೆ ರೋಮಗಳಿರುವ ಪದರ. ಹೃದಯ ಸ್ನಾಯುವಿನ ಎಳೆಗಳು ಕವಲೊಡೆದು ಒಂದಕ್ಕೊಂದು ಸೇರಿರುತ್ತವೆ, ಕೇಂದ್ರಕ ನಡುವಿನಲ್ಲಿರುತ್ತದೆ, ಅಡ್ಡಲಾಗಿ ಗಾಢ ಗೆರೆಗಳು ಕಾಣುತ್ತವೆ. ಆ ಗೆರೆಗಳ ಜಾಗದಲ್ಲಿ ಕೋಶದಿಂದ ಕೋಶಕ್ಕೆ ವಿದ್ಯುತ್ ಸಂಕೇತ ನೇರವಾಗಿ ದಾಟುತ್ತದೆ. ಹೃದಯ ಒಂದಾಗಿ ಮಿಡಿಯುವುದು ಅದರಿಂದಲೇ. ನೋಡಿದ್ದನ್ನು ಪೆನ್ಸಿಲಿನಲ್ಲಿ ಬಿಡಿಸಿ. ಕೈ ಬಿಡಿಸಿದ್ದು ತಲೆಯಲ್ಲಿ ಉಳಿಯುತ್ತದೆ.

ಬೀಡಿ ಸೇದುವವರಿಗೆ ಬೆಳಿಗ್ಗೆ ಎದ್ದೊಡನೆ ಕೆಮ್ಮು ಏಕೆ? ಬಿಟ್ಟ ಮೇಲೆ ಕೆಮ್ಮು ಹೆಚ್ಚಾಯಿತು ಎನ್ನುತ್ತಾರಲ್ಲ?

ಶ್ವಾಸನಾಳದ ಒಳಪದರದಲ್ಲಿ ಸಿಲಿಯಾ ಎಂಬ ಸೂಕ್ಷ್ಮ ರೋಮಗಳಿವೆ, ನಡುನಡುವೆ ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳಿವೆ. ಧೂಳು, ರೋಗಾಣು ಲೋಳೆಗೆ ಅಂಟಿಕೊಳ್ಳುತ್ತವೆ, ರೋಮಗಳು ಅದನ್ನು ಗಂಟಲಿನತ್ತ ತಳ್ಳುತ್ತವೆ. ಬೀಡಿಯ ಹೊಗೆ ರೋಮಗಳನ್ನು ನಿಷ್ಕ್ರಿಯಗೊಳಿಸುತ್ತದೆ, ಲೋಳೆ ಕೋಶಗಳನ್ನು ಹೆಚ್ಚಿಸುತ್ತದೆ. ವರ್ಷಗಟ್ಟಲೆ ಹೊಗೆ ತಾಗಿದರೆ ರೋಮವಿರುವ ಕೋಶಗಳ ಜಾಗದಲ್ಲಿ ಚಪ್ಪಟೆ ಕೋಶಗಳು ಬೆಳೆಯುತ್ತವೆ. ಕಫ ಸಾಗಿಸುವ ದಾರಿ ಮುಚ್ಚಿ, ರಾತ್ರಿಯಿಡೀ ಕೂಡಿದ್ದನ್ನು ಬೆಳಿಗ್ಗೆ ಕೆಮ್ಮಿಯೇ ಹೊರಹಾಕಬೇಕಾಗುತ್ತದೆ.

ಬೀಡಿ ಬಿಟ್ಟ ಕೆಲವು ವಾರಗಳಲ್ಲಿ ರೋಮಗಳು ಮತ್ತೆ ಕೆಲಸಕ್ಕೆ ಇಳಿಯುತ್ತವೆ. ಆಗ ನಿಂತಿದ್ದ ಕಫ ಮೇಲೆ ಬರುವುದರಿಂದ ಕೆಮ್ಮು ಸ್ವಲ್ಪ ಕಾಲ ಹೆಚ್ಚಾಗಬಹುದು. ಇದನ್ನು ರೋಗಿಗೆ ಮೊದಲೇ ಹೇಳಿಡಿ. ಹೇಳದಿದ್ದರೆ ‘ಬಿಟ್ಟಿದ್ದಕ್ಕೇ ಕೆಮ್ಮು ಬಂತು’ ಎಂದು ಮತ್ತೆ ಹಚ್ಚಿಕೊಳ್ಳುತ್ತಾರೆ. ಆದರೆ ಕಫದಲ್ಲಿ ರಕ್ತ ಕಂಡರೆ, ಎರಡು ವಾರ ದಾಟಿಯೂ ಕೆಮ್ಮು ನಿಲ್ಲದಿದ್ದರೆ ಕಫದ ಪರೀಕ್ಷೆ, ಎದೆಯ ಎಕ್ಸ್‌ರೇ ಆಗಲೇಬೇಕು.

ಒಂದು ದಿನವೂ ಬೀಡಿ ಮುಟ್ಟದ ಅಜ್ಜಿಗೆ ಸಿಒಪಿಡಿ ಹೇಗೆ ಬರುತ್ತದೆ?

ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ: ಅಜ್ಜಿ ಯಾವ ಒಲೆಯ ಮುಂದೆ ಕುಳಿತಿದ್ದರು? ಗಾಳಿಯಾಡದ ಅಡುಗೆಮನೆಯಲ್ಲಿ ಸೌದೆ, ಬೆರಣಿ ಉರಿಸುತ್ತ ಹತ್ತಾರು ವರ್ಷ ರೊಟ್ಟಿ ಸುಟ್ಟವರ ಶ್ವಾಸಕೋಶಕ್ಕೂ ಹೊಗೆಯೇ ತಾಗಿರುತ್ತದೆ. ಗಾಳಿಗೂಡುಗಳ ಗೋಡೆಯಲ್ಲಿರುವ, ರಬ್ಬರಿನಂತೆ ಹಿಗ್ಗಿ ಕುಗ್ಗುವ ಇಲಾಸ್ಟಿನ್ ನಾರುಗಳನ್ನು ಉರಿಯೂತದ ಕೋಶಗಳ ಕಿಣ್ವಗಳು ಕರಗಿಸುತ್ತವೆ. ಗೋಡೆಗಳು ಒಡೆದು ಸಣ್ಣ ಗೂಡುಗಳೆಲ್ಲ ಸೇರಿ ದೊಡ್ಡ ಪೊಳ್ಳುಗಳಾಗುತ್ತವೆ. ಗಾಳಿ ಒಳಗೆ ಹೋಗುತ್ತದೆ, ಹೊರಗೆ ತಳ್ಳುವ ಶಕ್ತಿ ಉಳಿದಿರುವುದಿಲ್ಲ. ತುಟಿ ಸಣ್ಣಗೆ ಮಾಡಿ ನಿಧಾನವಾಗಿ ಉಸಿರು ಬಿಡಲು ಹೇಳಿಕೊಡುವುದು ಇದಕ್ಕಾಗಿಯೇ: ಬಾಯಿಯ ಬಳಿ ತಡೆಯುಂಟಾದಾಗ ಒಳಗಿನ ಸಣ್ಣ ನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲ.

ನಮ್ಮ ಭಾಗದಲ್ಲಿ ರೋಗಿಯ ವೃತ್ತಿ ಕೇಳದೆ ಉಸಿರಾಟದ ಕಾಯಿಲೆಯ ವಿವರ ಬರೆದುಕೊಂಡರೆ ಅದು ಅರ್ಧ ವಿವರ. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದೇ ಕರೆಸಿಕೊಂಡಿತ್ತು. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಕಾಯಿಲೆಯಲ್ಲಿ ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುತ್ತದೆ, ಆರಂಭದಲ್ಲಿ ವಾರ ಸಾಗಿದಂತೆ ಕಡಿಮೆಯಾಗುತ್ತದೆ. ಗಿರಣಿ ಮುಚ್ಚಿದರೂ ಅಲ್ಲಿ ದುಡಿದವರು ನಮ್ಮ ನಡುವೆ ಇದ್ದಾರೆ. ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರು ಹೊಗೆ-ಶಾಖದ ನಡುವೆಯೇ ದಿನ ಕಳೆಯುತ್ತಾರೆ. ಚಿತ್ರದುರ್ಗ ಜಿಲ್ಲೆಯಿಂದ ಬರುವ ಗಂಡಸರನ್ನು ಕಲ್ಲು ಕ್ವಾರಿ, ಜಲ್ಲಿ ಕ್ರಷರ್, ಗಣಿಗಳಲ್ಲಿ ಕೆಲಸ ಮಾಡಿದ್ದರೇ ಎಂದು ತಪ್ಪದೆ ಕೇಳಿ. ಕಲ್ಲಿನ ಪುಡಿಯಲ್ಲಿರುವ ಸಿಲಿಕಾ ಕಣವನ್ನು ಶ್ವಾಸಕೋಶದ ಭಕ್ಷಕ ಕೋಶ ನುಂಗುತ್ತದೆ; ಜೀರ್ಣಿಸಿಕೊಳ್ಳಲಾಗದೆ ಸಾಯುತ್ತದೆ; ಹೊರಬಿದ್ದ ಕಣವನ್ನು ಇನ್ನೊಂದು ಕೋಶ ನುಂಗುತ್ತದೆ. ಪ್ರತಿ ಸುತ್ತಿಗೂ ನಾರಿನ ಗಂಟು ದಪ್ಪವಾಗುತ್ತದೆ. ಕೆಲಸ ಬಿಟ್ಟ ಮೇಲೂ ಸಿಲಿಕೋಸಿಸ್ ಮುಂದುವರಿಯಲು ಇದೇ ಕಾರಣ. ಭಕ್ಷಕ ಕೋಶಗಳು ದುರ್ಬಲವಾಗುವುದರಿಂದ ಇವರಿಗೆ ಕ್ಷಯ ತಗಲುವ ಅಪಾಯವೂ ಹೆಚ್ಚು. ಇದನ್ನು ಗುಣಪಡಿಸುವ ಔಷಧವಿಲ್ಲ, ತಡೆಯುವ ದಾರಿ ಇದೆ: ನೀರು ಸಿಂಪಡಿಸಿ ಧೂಳು ಏಳದಂತೆ ಮಾಡುವುದು, ಸರಿಯಾದ ಮುಖಗವಸು. ಬಾಯಿಗೆ ಸುತ್ತಿದ ಟವೆಲ್ ಆ ಸೂಕ್ಷ್ಮ ಕಣವನ್ನು ತಡೆಯುವುದಿಲ್ಲ.

ಉಸಿರಿಗೆ ಒದ್ದಾಡುವ ಸಿಒಪಿಡಿ ರೋಗಿಗೆ ಆಕ್ಸಿಜನ್ ಪೂರ್ತಿ ತಿರುಗಿಸಿದರೆ ತಪ್ಪೇನು?

ಮನೆಯವರು ಇದನ್ನು ಕೇಳುವಾಗ ಅವರ ಕಣ್ಣಲ್ಲಿ ನೀರಿರುತ್ತದೆ. ನಾವು ಉಳಿತಾಯ ಮಾಡುತ್ತಿದ್ದೇವೆ ಎಂದು ಅವರಿಗೆ ಅನಿಸುತ್ತದೆ. ತಾಳ್ಮೆಯಿಂದ ವಿವರಿಸಿ.

ದೇಹದ ಬೇರೆಡೆ ಆಮ್ಲಜನಕ ಕಡಿಮೆಯಾದರೆ ರಕ್ತನಾಳ ಹಿಗ್ಗುತ್ತದೆ. ಶ್ವಾಸಕೋಶದಲ್ಲಿ ಮಾತ್ರ ಅದು ಕುಗ್ಗುತ್ತದೆ. ಗಾಳಿ ಬಾರದ ಭಾಗಕ್ಕೆ ರಕ್ತ ಹರಿಯದಿರಲಿ ಎಂಬ ಏರ್ಪಾಡು ಅದು. ಆಕ್ಸಿಜನ್ ಅತಿಯಾದರೆ ಹಾಳಾದ ಭಾಗಗಳಿಗೂ ರಕ್ತ ಹರಿದು, ಇಂಗಾಲದ ಡೈಆಕ್ಸೈಡ್ ಹೊರಹೋಗದೆ ರಕ್ತದಲ್ಲಿ ಕೂಡುತ್ತದೆ; ಕೆಲವರಲ್ಲಿ ಉಸಿರಾಟದ ವೇಗವೂ ತಗ್ಗುತ್ತದೆ. ಆದ್ದರಿಂದ ಇಂಗಾಲದ ಡೈಆಕ್ಸೈಡ್ ಕೂಡುವ ಅಪಾಯವಿರುವ ಸಿಒಪಿಡಿ ರೋಗಿಗಳಲ್ಲಿ ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಶೇ. 88ರಿಂದ 92ರೊಳಗೆ ಇರುವಂತೆ ನೋಡಿಕೊಳ್ಳುತ್ತಾರೆ. ಚಡಪಡಿಸುತ್ತಿದ್ದವರು ಇದ್ದಕ್ಕಿದ್ದಂತೆ ಶಾಂತರಾಗಿ ತೂಕಡಿಸತೊಡಗಿದರೆ ‘ನಿದ್ದೆ ಬಂತು’ ಎಂದು ಸುಮ್ಮನಾಗಬೇಡಿ. ಅದು ಡಾಕ್ಟರನ್ನು ಕೂಡಲೇ ಕರೆಯುವ ಲಕ್ಷಣ. ಆಕ್ಸಿಜನ್ ಕಡಿಮೆ ಕೊಡಬೇಕು ಎಂದು ತೀರಾ ಹೆದರಿ ಕೊಡದೇ ಇರುವುದು ಇನ್ನೂ ದೊಡ್ಡ ತಪ್ಪು. ಮನೆಯಲ್ಲಿ ಆಕ್ಸಿಜನ್ ಯಂತ್ರ ಇಟ್ಟುಕೊಂಡವರ ಹತ್ತಿರ ಬೀಡಿ, ಒಲೆ, ದೀಪ ಇರಲೇಕೂಡದು.

‘ಪಂಪ್ (ಇನ್‌ಹೇಲರ್) ಹಚ್ಚಿದರೆ ಚಟವಾಗುತ್ತದೆ, ಮಾತ್ರೆ ಬರೆಯಿರಿ’ ಎನ್ನುತ್ತಾರೆ. ಏನು ಹೇಳಲಿ?

ಚಟವಾಗುವುದಿಲ್ಲ ಎಂದು ನೇರವಾಗಿ ಹೇಳಿ. ದಮ್ಮಿನ ರೋಗಿಯ ಶ್ವಾಸನಾಳದ ಒಳಪದರ ಊದಿಕೊಂಡಿರುತ್ತದೆ, ಸುತ್ತಲಿನ ನಯಸ್ನಾಯು ಬಿಗಿದಿರುತ್ತದೆ. ಇನ್‌ಹೇಲರಿನ ಔಷಧ ಆ ಪದರದ ಮೇಲೆಯೇ ಹೋಗಿ ಕೂರುತ್ತದೆ, ಹಾಗಾಗಿ ಮೈಕ್ರೋಗ್ರಾಂ ಲೆಕ್ಕದ ಪ್ರಮಾಣ ಸಾಕು. ಮಾತ್ರೆಯಾದರೆ ರಕ್ತದ ಮೂಲಕ ಇಡೀ ದೇಹ ಸುತ್ತಿ ಬರಬೇಕು; ಪ್ರಮಾಣವೂ ಹೆಚ್ಚು, ಅಡ್ಡಪರಿಣಾಮವೂ ಹೆಚ್ಚು. ಬಿಗಿತ ಬಿಡಿಸುವ ಪಂಪ್ ಒಂದನ್ನೇ ನೆಚ್ಚಿಕೊಂಡು, ಊತ ಇಳಿಸುವ ಸ್ಟೆರಾಯ್ಡ್ ಪಂಪ್ ಬಿಟ್ಟುಬಿಡುವುದು ಅಪಾಯ. ಹಾಯೆನಿಸುತ್ತದೆ, ಊತ ಹಾಗೆಯೇ ಇರುತ್ತದೆ. ಸ್ಟೆರಾಯ್ಡ್ ಪಂಪ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿಯ ಶಿಲೀಂಧ್ರ ಬೆಳೆಯಬಹುದು. ವಯಸ್ಸಾದವರಿಗೆ ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಜೋಡಿಸುವ ಕೊಳವೆ) ಕೊಡಿಸಿ.

ಹೃದಯಾಘಾತದಲ್ಲಿ ಸಮಯ, ಸಮಯ ಎಂದು ಇಷ್ಟು ಹೇಳುವುದೇಕೆ?

ಹೃದಯದ ಸ್ನಾಯುಕೋಶ ಸತ್ತರೆ ಅದರ ಜಾಗಕ್ಕೆ ಹೊಸದು ಹುಟ್ಟುವುದು ಬಹುತೇಕ ಇಲ್ಲ. ಚರ್ಮ ಗಾಯವಾದರೆ ಮತ್ತೆ ಬೆಳೆಯುತ್ತದೆ, ಹೃದಯದಲ್ಲಿ ಗಾಯದ ಕಲೆ ಮಾತ್ರ ಉಳಿಯುತ್ತದೆ. ಹರಿದ ಬಟ್ಟೆಗೆ ಹಾಕಿದ ತೇಪೆಯಂತೆ ಆ ಕಲೆ ತೂತು ಮುಚ್ಚುತ್ತದೆ, ಮಿಡಿಯುವ ಕೆಲಸವನ್ನು ಮಾಡಲಾರದು.

ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಕರೋನರಿ ನಾಳ ಮುಚ್ಚಿದ 20ರಿಂದ 30 ನಿಮಿಷಗಳಲ್ಲಿ ಕೋಶಗಳು ಮರಳಿ ಚೇತರಿಸಿಕೊಳ್ಳಲಾಗದ ಹಂತ ತಲುಪತೊಡಗುತ್ತವೆ. ಹಾನಿ ಹೃದಯದ ಗೋಡೆಯ ಒಳಬದಿಯಲ್ಲಿ ಆರಂಭವಾಗಿ ಕೆಲವು ಗಂಟೆಗಳಲ್ಲಿ ಹೊರಬದಿಯತ್ತ ಹರಡುತ್ತದೆ. ನಾಳ ಬೇಗ ತೆರೆದರೆ ಹೊರಗಿನ ಪದರವಾದರೂ ಉಳಿಯುತ್ತದೆ. ಸತ್ತ ಕೋಶಗಳಿಂದ ಸೋರುವ ಟ್ರೊಪೋನಿನ್ ಎಂಬ ಪ್ರೋಟೀನ್ ರಕ್ತದಲ್ಲಿ ಸ್ಪಷ್ಟವಾಗಿ ಏರಲು ಕೆಲವು ಗಂಟೆ ಬೇಕು. ಮೊದಲ ಪರೀಕ್ಷೆ ಸರಿಯಿದೆ ಎಂದ ಮಾತ್ರಕ್ಕೆ ಮನೆಗೆ ಕಳುಹಿಸದೆ ಮತ್ತೆ ರಕ್ತ ತೆಗೆಯುವುದು ಇದಕ್ಕಾಗಿ.

ಜಗಳೂರು, ಚನ್ನಗಿರಿ, ಮೊಳಕಾಲ್ಮುರಿನ ಹಳ್ಳಿಗಳಿಂದ ದೊಡ್ಡ ಆಸ್ಪತ್ರೆ ತಲುಪುವಷ್ಟರಲ್ಲಿ ಈ ಅಮೂಲ್ಯ ಗಂಟೆಗಳು ದಾರಿಯಲ್ಲೇ ಕಳೆದುಹೋಗಬಹುದು. ಹಾಗಾಗಿ ಎದೆನೋವು ಬಂದವರು ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಬೇಕು. 2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ಇದು: ತಾಲ್ಲೂಕು ಮಟ್ಟದಲ್ಲಿಯೇ ಇಸಿಜಿ ತೆಗೆದು, ತಜ್ಞರ ಸಲಹೆ ಪಡೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು.

ಎದೆನೋವೋ ಗ್ಯಾಸ್ಟ್ರಿಕ್ಕೋ ಗುರುತಿಸುವುದು ಹೇಗೆ?

ಮನೆಯಲ್ಲಿ ಗುರುತಿಸಲು ಹೋಗಬಾರದು. ಹೃದಯದ ನೋವು ಹೊಟ್ಟೆಯ ಮೇಲ್ಭಾಗದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬೆವರು, ಸುಸ್ತು, ಉಸಿರಾಟದ ತೊಂದರೆ ಮಾತ್ರ ಇರಬಹುದು. ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು ಬೆಳಗಿನವರೆಗೆ ಕಾಯುವುದರಿಂದ ಕಳೆದುಕೊಳ್ಳುವುದು ಸ್ನಾಯು. ಇಸಿಜಿಗೆ ಕೆಲವೇ ನಿಮಿಷ ಸಾಕು.

ಹೃದಯಾಘಾತವಾದವರು ಮೊದಲ ವಾರ ಹುಷಾರಾಗಿರಬೇಕು ಎನ್ನುತ್ತೇವೆ, ಆದರೆ ಮರುದಿನವೇ ಎಬ್ಬಿಸಿ ಕೂರಿಸುತ್ತೇವೆ. ಯಾವುದು ಸರಿ?

ಎರಡೂ ಸರಿ. ಮೊದಲ ಒಂದೆರಡು ದಿನ ಸತ್ತ ಭಾಗಕ್ಕೆ ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳು ಬರುತ್ತವೆ, ಆಮೇಲೆ ಭಕ್ಷಕ ಕೋಶಗಳು ಬಂದು ಸತ್ತದ್ದನ್ನು ತೆರವುಗೊಳಿಸುತ್ತವೆ. ಮೂರನೇ ದಿನದಿಂದ ಏಳನೇ ದಿನದ ಸುಮಾರಿಗೆ ಹಳೆಯ ಸ್ನಾಯು ಕರಗಿರುತ್ತದೆ, ಹೊಸ ಕೊಲಾಜನ್ ಇನ್ನೂ ಬಲಿತಿರುವುದಿಲ್ಲ. ಗೋಡೆ ಅತ್ಯಂತ ಮೆತ್ತಗಿರುವ ಕಾಲ ಅದು. ತಿಣುಕುವುದು, ಭಾರ ಎತ್ತುವುದು, ಬಿಪಿ ಏರುವುದು ಆಗ ಅಪಾಯ; ಮಲ ಸಡಿಲವಾಗುವ ಔಷಧ ಕೊಡುವುದೂ ಅದಕ್ಕೇ. ಗಟ್ಟಿ ಕಲೆಯಾಗಲು ಸುಮಾರು ಎರಡು ತಿಂಗಳು ಬೇಕು.

ಹಾಗೆಂದು ಹಾಸಿಗೆಯಲ್ಲೇ ಕಟ್ಟಿಹಾಕಿದಂತೆ ಮಲಗಿಸಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ, ಶ್ವಾಸಕೋಶದ ಕೆಳಭಾಗದಲ್ಲಿ ಕಫ ನಿಲ್ಲುತ್ತದೆ. ತೊಡಕಿಲ್ಲದ ರೋಗಿಯನ್ನು ವೈದ್ಯರ ಒಪ್ಪಿಗೆಯೊಂದಿಗೆ ಬೇಗ ಕೂರಿಸಿ, ನಿಧಾನ ನಡೆಸಿ. ನಡೆಸುವ ಮುನ್ನ ಮತ್ತು ಆಮೇಲೆ ನಾಡಿ, ಬಿಪಿ ನೋಡಿ.

ಸ್ಟೆಂಟ್ ಹಾಕಿದ ಮೇಲೆ ನಾಳ ತೆರೆದಿದೆ. ಮತ್ತೇಕೆ ಇಷ್ಟು ಮಾತ್ರೆ?

ಸ್ಟೆಂಟ್ ಲೋಹದ ಜಾಲರಿ. ರಕ್ತಕ್ಕೆ ಲೋಹ ಕಂಡರೆ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುತ್ತವೆ. ನಾಳದ ಒಳಪದರದ ಚಪ್ಪಟೆ ಕೋಶಗಳು, ಅಂದರೆ ಎಂಡೋಥೀಲಿಯಂ, ನಿಧಾನವಾಗಿ ಬೆಳೆದು ಆ ಜಾಲರಿಯನ್ನು ಮುಚ್ಚಬೇಕು. ಅದಾಗುವವರೆಗೂ ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್‌ನಂಥ ಇನ್ನೊಂದು ಮಾತ್ರೆ ಬೇಕು. ಹೃದಯಾಘಾತದ ನಂತರ ಸಾಮಾನ್ಯವಾಗಿ ಒಂದು ವರ್ಷ. ಹಲ್ಲು ಕೀಳಿಸಲು ಹೋದಾಗ ತಾವೇ ನಿಲ್ಲಿಸಿಬಿಡುವವರಿದ್ದಾರೆ. ಹೃದ್ರೋಗ ತಜ್ಞರನ್ನು ಕೇಳದೆ ಒಂದು ದಿನವೂ ನಿಲ್ಲಿಸಬಾರದು. ಕೊಲೆಸ್ಟ್ರಾಲ್ ಸರಿಯಿದೆಯೆಂದು ಅದನ್ನು ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಿಡುವುದೂ ತಪ್ಪು. ನಾಳದ ಗೋಡೆಯೊಳಗಿನ ಕೊಬ್ಬಿನ ಗಡ್ಡೆಯ ಮೇಲಿನ ನಾರಿನ ಹೊದಿಕೆಯನ್ನು ಅದು ಗಟ್ಟಿಗೊಳಿಸುತ್ತದೆ. ಹೆಚ್ಚಿನ ಹೃದಯಾಘಾತಗಳು ಆಗುವುದು ಆ ಹೊದಿಕೆ ಸೀಳಿ ಹೆಪ್ಪುಗಟ್ಟಿದಾಗ.

ಬೆಣ್ಣೆ ದೋಸೆ ಬಿಡಲೇಬೇಕೇ?

ಹೃದಯದ ರೋಗಿ ದಿನನಿತ್ಯದ ತಿಂಡಿಯಾಗಿ ಬಿಡಬೇಕು. ಬೆಣ್ಣೆಯ ಪರ್ಯಾಪ್ತ ಕೊಬ್ಬು ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ಎಂದೋ ಒಮ್ಮೆ, ಬೆಣ್ಣೆ ಕಡಿಮೆ ಹಾಕಿಸಿ ತಿಂದರೆ ನಾನು ಬೈಯುವುದಿಲ್ಲ. ನನಗೆ ಹೆಚ್ಚು ಚಿಂತೆ ಉಪ್ಪಿನದು: ಉಪ್ಪಿನಕಾಯಿ, ಹಪ್ಪಳ, ಸಂಜೆಯ ಖಾರ ಮಂಡಕ್ಕಿ, ಮಿರ್ಚಿ. ಒಬ್ಬ ವಯಸ್ಕನಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಎಲ್ಲ ಸೇರಿ ಒಂದು ಟೀ ಚಮಚದಷ್ಟು.

ಬಿಪಿ ನಾರ್ಮಲ್ ಬಂದಿದೆ, ಮಾತ್ರೆ ನಿಲ್ಲಿಸಬಹುದೇ?

ನಾರ್ಮಲ್ ಬಂದಿರುವುದು ಮಾತ್ರೆಯಿಂದ. ಏರಿದ ಒತ್ತಡ ತಡೆಯಲು ಸಣ್ಣ ಅಪಧಮನಿಗಳ ಗೋಡೆ ದಪ್ಪವಾಗುತ್ತದೆ, ಒಳದಾರಿ ಕಿರಿದಾಗುತ್ತದೆ, ದೇಹಕ್ಕೆ ರಕ್ತ ತಳ್ಳುವ ಎಡ ಹೃತ್ಕುಕ್ಷಿಯ ಸ್ನಾಯು ದಪ್ಪವಾಗುತ್ತದೆ; ಇಷ್ಟೆಲ್ಲ ಆದರೂ ರೋಗಿಗೆ ಏನೂ ಗೊತ್ತಾಗುವುದಿಲ್ಲ. ಅಳೆಯುವಾಗ ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಡಿ, ತೋಳು ಹೃದಯದ ಮಟ್ಟದಲ್ಲಿರಲಿ, ಮಾತನಾಡಿಸಬೇಡಿ. ಬಸ್ ಇಳಿದು ಮೆಟ್ಟಿಲು ಹತ್ತಿ ಬಂದವರ ಬಿಪಿಯನ್ನು ಕೂಡಲೇ ನೋಡಿ ಬರೆದರೆ ಅದು ಅವರ ನಿಜವಾದ ಬಿಪಿ ಅಲ್ಲ.

ಹೃದಯ ವೈಫಲ್ಯದ ರೋಗಿಗೆ ರಾತ್ರಿ ಮಲಗಿದಾಗಲೇ ಉಸಿರು ಕಟ್ಟುವುದೇಕೆ? ದಿನಾ ತೂಕ ಏಕೆ ನೋಡಬೇಕು?

ಗಾಳಿಗೂಡಿಗೂ ಅತಿ ಸಣ್ಣ ರಕ್ತನಾಳವಾದ ಲೋಮನಾಳಕ್ಕೂ ನಡುವಿನ ಗೋಡೆ ಸುಮಾರು ಅರ್ಧ ಮೈಕ್ರೋಮೀಟರ್ ಮಾತ್ರ. 1661ರಲ್ಲಿ ಇಟಲಿಯ ವೈದ್ಯ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶದಲ್ಲಿ ಮೊದಲ ಬಾರಿಗೆ ಕಂಡದ್ದು ಈ ಲೋಮನಾಳಗಳನ್ನೇ. ಎಡ ಹೃದಯ ಸೋತರೆ ರಕ್ತ ಹಿಂದಕ್ಕೆ ಒತ್ತಿ, ಆ ತೆಳು ಗೋಡೆಯ ಮೂಲಕ ನೀರು ಗೂಡಿನೊಳಗೆ ಜಿನುಗುತ್ತದೆ. ಮಲಗಿದಾಗ ಕಾಲುಗಳಲ್ಲಿ ನಿಂತಿದ್ದ ದ್ರವವೂ ಎದೆಯತ್ತ ಮರಳುವುದರಿಂದ ಒತ್ತಡ ಇನ್ನಷ್ಟು ಏರುತ್ತದೆ. ಎಬ್ಬಿಸಿ ಕೂರಿಸಿ ಕಾಲು ಇಳಿಬಿಟ್ಟರೆ ಹಾಯೆನಿಸುವುದು ಇದಕ್ಕೆ. ಗುಲಾಬಿ ಬಣ್ಣದ ನೊರೆ ಕಫ ಬಂದರೆ ಅದು ತುರ್ತು ಸ್ಥಿತಿ.

ಕಾಲು ಊದುವ ಮೊದಲೇ ಕೂಡಿದ ನೀರು ತಕ್ಕಡಿಯಲ್ಲಿ ಗೊತ್ತಾಗುತ್ತದೆ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಕ್ಯಾಲೆಂಡರಿನ ಮೇಲೆ ಬರೆಯಲಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಆಸ್ಪತ್ರೆಗೆ ತಿಳಿಸಬೇಕು. ಮಾರ್ಚ್‌ನಿಂದ ಮೇವರೆಗಿನ ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಬೆವರು, ವಾಂತಿ, ಭೇದಿಯಾಗಿ ತೂಕ ಇಳಿದು ತಲೆಸುತ್ತು ಬಂದರೂ ತಿಳಿಸಬೇಕು. ಮೂತ್ರ ಹೋಗಿಸುವ ಮಾತ್ರೆಯ ಪ್ರಮಾಣವನ್ನು ವೈದ್ಯರು ಆಗ ಬದಲಿಸಬೇಕಾಗಬಹುದು.

ಸಂಧಿವಾತ ಜ್ವರದ (ರುಮ್ಯಾಟಿಕ್ ಜ್ವರ) ಹೃದ್ರೋಗಿಗಳಿಗೆ 21 ದಿನಕ್ಕೊಮ್ಮೆ ಪೆನ್ಸಿಲಿನ್ ಏಕೆ?

ಈ ಜ್ವರದಲ್ಲಿ, ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಗಂಟಲುಬೇನೆಯ ವಿರುದ್ಧ ಎದ್ದ ರೋಗನಿರೋಧಕ ಶಕ್ತಿ ಹೃದಯದ ಕವಾಟಗಳ ಮೇಲೂ ಎರಗುತ್ತದೆ. ಪ್ರತಿ ಹೊಸ ಗಂಟಲುಬೇನೆಯೂ ಕವಾಟಕ್ಕೆ ಹೊಸ ಗಾಯ. ಮಗಳ ಮದುವೆಯಾಯಿತು, ಈಗ ಚೆನ್ನಾಗಿದ್ದಾಳೆ ಎಂದು ಇಂಜೆಕ್ಷನ್ ಬಿಡಿಸುವ ತಂದೆತಾಯಿಗೆ ಇದನ್ನು ಬಿಡಿಸಿ ಹೇಳಿ. ಕಿರಿದಾದ ಮೈಟ್ರಲ್ ಕವಾಟ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನದು) ಬಸಿರಿನಲ್ಲಿ, ರಕ್ತದ ಪ್ರಮಾಣ ಹೆಚ್ಚಿದಾಗಲೇ ತೊಂದರೆ ಕೊಡುತ್ತದೆ.

ಮನೆಗೆ ಕಳುಹಿಸುವ ದಿನ ಏನನ್ನು ಮರೆಯಬಾರದು?

ನೀವು ಹೇಳಿದ್ದನ್ನು ಅವರ ಬಾಯಿಂದ ಮತ್ತೆ ಹೇಳಿಸಿ. ಪಂಪನ್ನು ನಿಮ್ಮೆದುರೇ ಬಳಸಿ ತೋರಿಸಲಿ. ಓದಲು ಬಾರದ ಹಿರಿಯರಿದ್ದರೆ ಮಾತ್ರೆ ಪಟ್ಟಿಯ ಮೇಲೆ ಸೂರ್ಯ, ಚಂದ್ರನ ಚಿತ್ರ ಬಿಡಿಸಿ ಕೊಡಿ, ಮನೆಯಲ್ಲಿ ಮಾತ್ರೆ ಕೊಡುವ ಸೊಸೆಯನ್ನೋ ಮೊಮ್ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ. ಪ್ರತಿ ವರ್ಷದ ಫ್ಲೂ ಲಸಿಕೆ, ನ್ಯುಮೋನಿಯಾ ತಡೆಯುವ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಲು ನೆನಪಿಸಿ. ಎದೆ ಬಿಗಿದು ಬೆವರು ಬಂದರೆ, ಒಂದು ವಾಕ್ಯ ಪೂರ್ತಿ ಮಾಡಲಾಗದಷ್ಟು ಉಸಿರು ಸಿಕ್ಕದಿದ್ದರೆ, ತುಟಿ ನೀಲಿಯಾದರೆ, ಕರೆದರೂ ಮಂಪರಿನಿಂದ ಏಳದಿದ್ದರೆ ಯಾರನ್ನೂ ಕಾಯದೆ 108ಕ್ಕೆ ಕರೆ ಮಾಡಬೇಕು, ಆಸ್ಪತ್ರೆಗೆ ಹೊರಡುವಾಗ ಹಳೆಯ ಇಸಿಜಿ ಮತ್ತು ಮಾತ್ರೆ ಚೀಟಿ ಜೊತೆಯಲ್ಲಿರಬೇಕು.